ಚೆಂಡೆಯ ನಾಡಿನಲ್ಲಿ ತಂತಿಯ ದನಿ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಮೈಕ್‌ಸೆಟ್ಟಿನವರಿಗೆ ದೀಪಾವಳಿಯಿಂದ ಮೇ ಕೊನೆಯವರೆಗೆ ನಿದ್ದೆ ಕಡಿಮೆ. ಮಂದಾರ್ತಿ, ಮಾರಣಕಟ್ಟೆ, ಸಾಲಿಗ್ರಾಮ, ಅಮೃತೇಶ್ವರಿ, ಕಮಲಶಿಲೆ ಯಕ್ಷಗಾನ ಮೇಳಗಳ ತಿರುಗಾಟ ಒಂದು ಕಡೆ. ಊರ ಹಬ್ಬ, ಮದುವೆ, ಶಾಲೆಯ ವಾರ್ಷಿಕೋತ್ಸವ, ಭಜನೆ, ಕಬಡ್ಡಿ ಇನ್ನೊಂದು ಕಡೆ. ಬಯಲಾಟಕ್ಕೆ ಮೈಕು ಕಟ್ಟುವುದರಲ್ಲಿ ಇವರ ಕೈ ಪಳಗಿದ್ದು. ಭಾಗವತರ ಗಂಟಲು ಚೆಂಡೆಯ ಪೆಟ್ಟಿನಡಿ ಮುಳುಗಬಾರದು, ವೇಷಧಾರಿ ರಂಗಸ್ಥಳದ ಯಾವ ಮೂಲೆಯಲ್ಲಿ ನಿಂತು ಅರ್ಥ ಹೇಳಿದರೂ ಗದ್ದೆಯ ಆ ತುದಿಗೆ ಮುಟ್ಟಬೇಕು. ಇದನ್ನು ಯಾವ ಕಾಲೇಜೂ ಕಲಿಸಿದ್ದಲ್ಲ, ರಾತ್ರಿಗಳು ಕಲಿಸಿದ್ದು. ಆದರೆ ಅದೇ ಪೆಟ್ಟಿಗೆ, ಅದೇ ಮೈಕು, ಅದೇ ಕೈ ದೇವಸ್ಥಾನದ ಉತ್ಸವದಲ್ಲಿ ವೀಣೆಯ ಮುಂದೆ ಬಂದಾಗ ಪರಿಸ್ಥಿತಿ ಬೇರೆ. ಹಿಂದಿನ ಸಾಲಿನಿಂದ “ಕೇಂತಿಲ್ಲೆ ಮಾರಾಯ್ರೆ, ಸ್ವಲ್ಪ ಏರ್ಸಿ” ಎಂಬ ಕೂಗು. ಏರಿಸಿದರೆ ಮೈಕು ಊಳಿಡುತ್ತದೆ. ಇಳಿಸಿದರೆ ಮೃದಂಗ ಮಾತ್ರ ಉಳಿಯುತ್ತದೆ.

ತಂತಿವಾದ್ಯದ ದನಿಯನ್ನು ದೊಡ್ಡದು ಮಾಡುವುದು ಹೇಗೆ ಎಂಬ ಈ ಪ್ರಶ್ನೆಗೆ ನೂರು ವರ್ಷದ ಚರಿತ್ರೆಯಿದೆ. ಜಗತ್ತಿನಲ್ಲಿ ಆದ ಪ್ರಯೋಗಗಳೆಲ್ಲ ಒಂದಲ್ಲ ಒಂದು ರೂಪದಲ್ಲಿ ನಮ್ಮ ಕರಾವಳಿಗೂ ಬಂದಿವೆ: ಗುಂಡಿಯಷ್ಟು ಚಿಕ್ಕ ಮೈಕು, ವಾದ್ಯದ ಮೈಗೆ ಅಂಟಿಸುವ ಬಿಲ್ಲೆ, ತಂತಿಯಡಿ ಕೂರುವ ಅಯಸ್ಕಾಂತ. ಯಾವುದು ಒಳ್ಳೆಯದು ಎಂದು ಕೇಳಿದರೆ ವಾದಕರು ಒಂದು ಹೇಳುತ್ತಾರೆ, ಸೌಂಡಿನವರು ಇನ್ನೊಂದು, ರಸಿಕರು ಮತ್ತೊಂದು. ಉತ್ತರ ವಾದ್ಯದಲ್ಲಷ್ಟೇ ಇಲ್ಲ, ಆ ವಾದ್ಯದ ಪಕ್ಕದಲ್ಲಿ ಕೂತವರು ಯಾರು ಎಂಬುದರಲ್ಲೂ ಇದೆ ಎಂಬುದು ನನ್ನ ಅಭಿಪ್ರಾಯ.

ಪಕ್ಕದಲ್ಲಿ ಕೂತವರು ಎಂದಾಗ ಈ ಸೀಮೆಯಲ್ಲಿ ಮೊದಲು ನೆನಪಾಗುವುದು ಚೆಂಡೆ. ಬಡಗುತಿಟ್ಟಿನ ಹಿಮ್ಮೇಳದಲ್ಲಿ ತಂತಿವಾದ್ಯಕ್ಕೆ ಜಾಗವೇ ಇಲ್ಲ. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು (1902–1997) ತಮ್ಮ ಯಕ್ಷಗಾನ ಬ್ಯಾಲೆಗಳಲ್ಲಿ ಪಿಟೀಲನ್ನೂ ಸ್ಯಾಕ್ಸೊಫೋನನ್ನೂ ತಂದು ಕೂರಿಸಿದರು. ಸಂಪ್ರದಾಯದವರು ಮುನಿದರು, ಹೊಸತನ್ನು ಬಯಸುವವರು ಮೆಚ್ಚಿದರು. ತಿರುಗಾಟದ ಮೇಳಗಳಲ್ಲಿ ಮಾತ್ರ ಆ ಪಿಟೀಲು ಬೇರು ಬಿಡಲಿಲ್ಲ. ಇದಕ್ಕೆ ಶೈಲಿಯ ಕಾರಣ, ಶಾಸ್ತ್ರದ ಕಾರಣ ಕೊಡುವವರಿದ್ದಾರೆ. ನನಗೆ ಅದಕ್ಕಿಂತ ಸರಳವಾದ ಇನ್ನೊಂದು ಕಾರಣವೂ ಕಾಣುತ್ತದೆ. ಬಾಗಿಲು ಮುಚ್ಚಿದ ಸಭಾಂಗಣದಲ್ಲಿ ಪಿಟೀಲಿನ ಎಳೆ ಕೇಳುತ್ತದೆ. ಗದ್ದೆಯ ನಡುವೆ, ಚೆಂಡೆಯಿಂದ ಮೂರು ಅಡಿ ದೂರದಲ್ಲಿ, ಅದರ ಮುಂದೆ ಸ್ಟ್ಯಾಂಡ್ ಮೈಕು ಇಟ್ಟರೆ ಆ ಮೈಕು ಪಿಟೀಲಿಗಿಂತ ಚೆಂಡೆಯನ್ನೇ ಹೆಚ್ಚು ಕೇಳಿಸಿಕೊಳ್ಳುತ್ತದೆ. ಕಾರಂತರ ಕಾಲದಲ್ಲಿ ವಾದ್ಯಕ್ಕೇ ಅಂಟುವ ಇಂದಿನ ಚಿಕ್ಕ ಪಿಕಪ್ಪುಗಳು ಇಲ್ಲಿ ಸುಲಭವಾಗಿ ಸಿಗುತ್ತಿದ್ದರೆ ಗತಿ ಬೇರೆಯಾಗುತ್ತಿತ್ತೋ ಏನೋ. ಈಚೆಗೆ ಯಕ್ಷಗಾನದ ಹಾಡಿಗೇ ಮೀಸಲಾದ ‘ಗಾನವೈಭವ’ದಂಥ ಕಾರ್ಯಕ್ರಮಗಳಲ್ಲಿ ಭಾಗವತರ ಜೊತೆ ಒಮ್ಮೊಮ್ಮೆ ಪಿಟೀಲು, ಕೊಳಲು ಸೇರುವುದುಂಟು. ಅಲ್ಲಿ ಈ ಹಳೆಯ ತೊಡಕು ಮತ್ತೆ ಎದುರಾಗುತ್ತದೆ.

ಮೈಕು ಬರುವ ಮೊದಲೇ ಈ ತೊಡಕಿಗೆ ಮರ ಮತ್ತು ತಂತಿಯಿಂದ ಉತ್ತರ ಹುಡುಕಿದವರು ಮೈಸೂರು ಟಿ. ಚೌಡಯ್ಯ (1895–1967). ಅವರ ಗುರು ಬಿಡಾರಂ ಕೃಷ್ಣಪ್ಪ (1866–1931) ನಮ್ಮ ಕಡೆಯವರೇ, ಕಾರ್ಕಳ ತಾಲ್ಲೂಕಿನ ನಂದಳಿಕೆಯವರು. ತುಂಬಿದ ಸಭೆಯಲ್ಲಿ ಗಾಯಕನ ಶಾರೀರಕ್ಕೆ ಸಮನಾಗಿ, ಕೊನೆಯ ಸಾಲಿಗೂ ಕೇಳುವಂತೆ ನುಡಿಸಲು ನಾಲ್ಕು ತಂತಿ ಸಾಲದು ಎಂದು ಚೌಡಯ್ಯನವರಿಗೆ ಎನಿಸಿತು. 1920ರ ದಶಕದಲ್ಲಿ ಅವರು ಪಿಟೀಲಿಗೆ ಮೂರು ಜೊತೆತಂತಿ ಸೇರಿಸಿ ಏಳು ಮಾಡಿದರು. ಒಂದು ಕಮಾನಿಗೆ ಎರಡು ತಂತಿ ಒಟ್ಟಿಗೆ ನುಡಿದಾಗ ದನಿ ದಪ್ಪವಾಗುತ್ತಿತ್ತು, ತುಂಬುತ್ತಿತ್ತು. ಬೆರಳಿಗೆ ಕೆಲಸ ಜಾಸ್ತಿ, ಶ್ರುತಿ ಕೂಡಿಸುವುದು ತಲೆನೋವು. ಚೌಡಯ್ಯನವರಿಗೆ ಅದು ಸಿದ್ಧಿಸಿತು, ಅವರ ನಂತರ ವ್ಯಾಪಕವಾಗಿ ಹರಡಲಿಲ್ಲ, ಏಕೆಂದರೆ ಅಷ್ಟರಲ್ಲಿ ಧ್ವನಿವರ್ಧಕ ಬಂದಿತ್ತು. 1980ರಲ್ಲಿ ಬೆಂಗಳೂರಿನಲ್ಲಿ ಅವರ ಹೆಸರಿನಲ್ಲಿ ಪಿಟೀಲಿನ ಆಕಾರದ ಸಭಾಂಗಣವೇ ಎದ್ದಿತು. ಆ ಕಟ್ಟಡದ ಒಳಗೆ ಈಗ ಮೈಕಿಲ್ಲದೆ ಕಛೇರಿ ನಡೆಯುವುದನ್ನು ಊಹಿಸುವುದೂ ಕಷ್ಟ.

ನಮ್ಮ ಕಿವಿ ವೀಣೆಯನ್ನು ಎಲ್ಲಿ ಕಲಿಯಿತು ಎಂಬುದನ್ನೂ ಇಲ್ಲಿ ಹೇಳಬೇಕು. ಮಂಗಳೂರು ಆಕಾಶವಾಣಿ 1976ರಲ್ಲಿ ಶುರುವಾಯಿತು. ಅದರ ಮಧ್ಯಮ ತರಂಗದ ಪ್ರಸಾರಕ ಇರುವುದು ಬ್ರಹ್ಮಾವರದಲ್ಲಿ. ಅಡುಗೆಮನೆಯ ಗೂಡಿನಲ್ಲಿಟ್ಟ ರೇಡಿಯೊ ಮೂಲಕ ಈ ಮೂರು ತಾಲ್ಲೂಕಿನ ಒಂದು ತಲೆಮಾರು ವೀಣೆ, ಪಿಟೀಲು ಕೇಳಿದ್ದು ಹಾಗೆ. ಸದ್ದಿಲ್ಲದ ಸ್ಟುಡಿಯೊ, ವಾದ್ಯದ ಹತ್ತಿರದಲ್ಲೊಂದು ಒಳ್ಳೆಯ ಮೈಕು, ಸುತ್ತ ಯಾವ ಸ್ಪೀಕರೂ ಇಲ್ಲ. ಮಧ್ಯಮ ತರಂಗ ಮೇಲಿನ ದನಿಗಳನ್ನೆಲ್ಲ ಕತ್ತರಿಸಿಬಿಡುತ್ತದೆ, ನಿಜ. ಆದರೂ ವೀಣೆಯ ಗಮಕದ ಕೊನೆಯ ಎಳೆಯವರೆಗೆ ಕೇಳುತ್ತಿತ್ತು. ಅದೇ ಕಿವಿ ಇಟ್ಟುಕೊಂಡು ನಾವು ದೇವಸ್ಥಾನದ ಹೊರಾಂಗಣಕ್ಕೆ ಹೋಗಿ ಕೂರುತ್ತೇವೆ. ಸ್ಟುಡಿಯೊದ ಆಪ್ತತೆಯನ್ನು ಐನೂರು ಜನರ ನಡುವೆ ಕೇಳಬಯಸುತ್ತೇವೆ. ನಿರಾಸೆಯ ಅರ್ಧ ಮೂಲ ಈ ಆಸೆಯಲ್ಲಿದೆ.

ಇನ್ನರ್ಧ ವಾದ್ಯದ ರಚನೆಯಲ್ಲಿದೆ. ತಂತಿ ತಾನಾಗಿ ಸದ್ದು ಮಾಡುವುದು ಅತ್ಯಲ್ಪ. ಅಷ್ಟು ತೆಳ್ಳಗಿನ ವಸ್ತು ಗಾಳಿಯನ್ನು ತಳ್ಳಲಾರದು. ತಂತಿಯ ಕಂಪನ ಅದನ್ನು ಹೊತ್ತ ಕುದುರೆಯ ಮೂಲಕ ಹಲಸಿನ ಹಲಗೆಗೆ ಇಳಿದು, ಹಲಗೆ ಮತ್ತು ಬುರುಡೆಯೊಳಗಿನ ಗಾಳಿ ಎರಡೂ ಸೇರಿ ನಮಗೆ ಕೇಳುವ ನಾದ ಆಗುತ್ತದೆ. ವೀಣೆಯ ಕುದುರೆ ಇನ್ನೂ ವಿಶೇಷದ್ದು. ಅದರ ಮೇಲಿನ ಲೋಹದ ತಗಡು ಅಗಲವಾಗಿ, ಸ್ವಲ್ಪ ಬಾಗಿರುತ್ತದೆ. ತಂತಿ ಅದರ ಮೈಯನ್ನು ಸವರುತ್ತ ಕಂಪಿಸುತ್ತದೆ. ಸಿ.ವಿ. ರಾಮನ್ 1921ರಲ್ಲಿ ವೀಣೆ, ತಂಬೂರಿಗಳನ್ನು ಪರೀಕ್ಷಿಸಿ ತೋರಿಸಿದ್ದು ಇದನ್ನೇ. ಸಾಮಾನ್ಯ ತಂತಿಯನ್ನು ಒಂದು ನಿರ್ದಿಷ್ಟ ಬಿಂದುವಿನಲ್ಲಿ ಮೀಟಿದರೆ ಆ ಬಿಂದುವಿಗೆ ಸಂಬಂಧಿಸಿದ ಉಪಸ್ವರ ಹುಟ್ಟಬಾರದು. ವೀಣೆ, ತಂಬೂರಿಯಲ್ಲಿ ಅದೂ ಹುಟ್ಟುತ್ತದೆ, ಜೋರಾಗಿಯೇ. ಆ ಝೇಂಕಾರದ ತವರು ಕುದುರೆ. ಹಾಗಾಗಿ ಮೈಕನ್ನು ಎಲ್ಲಿಡುತ್ತೇವೆ ಎಂಬುದು ಯಾವ ವೀಣೆಯನ್ನು ಕೇಳಿಸುತ್ತೇವೆ ಎಂಬುದನ್ನು ನಿರ್ಧರಿಸುತ್ತದೆ. ಕುದುರೆಗೆ ಅಂಟಿಸಿದರೆ ತಂತಿ ಕೇಳುತ್ತದೆ, ಹಲಗೆಗೆ ಅಂಟಿಸಿದರೆ ಮರ ಕೇಳುತ್ತದೆ, ಒಂದು ಗೇಣು ದೂರ ಇಟ್ಟರೆ ಎಲ್ಲವೂ ಸೇರಿದ ವೀಣೆ ಕೇಳುತ್ತದೆ. ಜೊತೆಗೆ ಮೃದಂಗ, ಫ್ಯಾನು, ಮುಂದಿನ ಸಾಲಿನ ಮಗುವಿನ ಅಳು.

ಒಂದು ಗೇಣು ದೂರದ ಸ್ಟ್ಯಾಂಡ್ ಮೈಕನ್ನು ಇಂದಿಗೂ ಬಯಸುವ ಹಿರಿಯ ವಾದಕರಿದ್ದಾರೆ. ಅವರು ಹೇಳುವುದರಲ್ಲಿ ಸತ್ಯವಿದೆ, ವಾದ್ಯ ವಾದ್ಯದಂತೆ ಕೇಳುವುದು ಅಲ್ಲಿಯೇ. ಆದರೆ ಲೆಕ್ಕ ಅವರ ವಿರುದ್ಧ ನಿಲ್ಲುತ್ತದೆ. ಬಯಲಿನಲ್ಲಿ ಮೈಕಿನ ದೂರ ಎರಡು ಪಟ್ಟಾದರೆ ಅದಕ್ಕೆ ಸಿಗುವ ದನಿ 6 ಡೆಸಿಬೆಲ್ ಇಳಿಯುತ್ತದೆ. 30 ಸೆಂಟಿಮೀಟರ್ ದೂರದ ಮೈಕನ್ನು 5 ಸೆಂಟಿಮೀಟರಿಗೆ ತಂದರೆ ಸುಮಾರು 15 ಡೆಸಿಬೆಲ್ ಲಾಭ. ಸ್ಪೀಕರಿನ ದನಿ ಮೈಕಿಗೆ ಮರಳಿ, ಮತ್ತೆ ಸ್ಪೀಕರಿಗೆ ಹೋಗಿ, ಸುತ್ತು ಬಿದ್ದು ಊಳಿಡುವ ಮೊದಲು ನಮಗೆ ಸಿಗುವ ಜಾಗ ಈ 15 ಡೆಸಿಬೆಲ್‌ನಲ್ಲಿಯೇ ಇದೆ. ಅದರ ಮೇಲೆ, ವೇದಿಕೆಯಲ್ಲಿ ತೆರೆದಿಟ್ಟ ಮೈಕುಗಳ ಸಂಖ್ಯೆ ಎರಡು ಪಟ್ಟಾದಾಗಲೆಲ್ಲ 3 ಡೆಸಿಬೆಲ್ ಕೈಬಿಡುತ್ತದೆ. ನಿರೂಪಕರ ಮೈಕನ್ನು ಕಛೇರಿ ಮುಗಿಯುವವರೆಗೆ ತೆರೆದೇ ಇಟ್ಟಿರುವುದು ನಮ್ಮ ಕಡೆಯ ಸಾರ್ವತ್ರಿಕ ಅಭ್ಯಾಸ. ಅದೊಂದನ್ನು ಮುಚ್ಚಿದರೂ ವೀಣೆಗೆ ಸ್ವಲ್ಪ ಉಸಿರು ಸಿಗುತ್ತದೆ.

ಹತ್ತಿರ ಹೋಗುವ ಆಸೆಯ ಕೊನೆಯ ಹಂತವೇ ವಾದ್ಯಕ್ಕೆ ಅಂಟಿಕೊಳ್ಳುವುದು. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ ಎಂದು ಕ್ಯೂರಿ ಸಹೋದರರು ಕಂಡುಕೊಂಡದ್ದು 1880ರಲ್ಲಿ. ಈ ಪೀಜೊ ಗುಣವನ್ನು ಬಳಸಿದ ಮೊದಲ ತಲೆಮಾರಿನ ಅಂಟುಮೈಕುಗಳಲ್ಲಿದ್ದದ್ದು ರಾಷೆಲ್ ಉಪ್ಪಿನ ಹರಳು. ದನಿಯನ್ನು ಹಿಡಿಯುವುದರಲ್ಲಿ ಅದು ಚುರುಕು, ಆದರೆ ತೇವ ತಾಗಿದರೆ ಕರಗುವ ಜಾತಿ, ಬಿಸಿಯೂ ಆಗದು. ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ, ಉಪ್ಪುಗಾಳಿ ಬೀಸುವ ನಮ್ಮ ಕರಾವಳಿಯಲ್ಲಿ ಅಂಥ ಹರಳು ಎಷ್ಟು ಮಳೆಗಾಲ ಕಂಡೀತು? ಆಮೇಲೆ ಬಂದ ಪಿಂಗಾಣಿಯಂಥ ಪೀಜೊ ಬಿಲ್ಲೆಗಳು ತೇವಕ್ಕೆ ಜಗ್ಗುವುದಿಲ್ಲ. ಇಂದು ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಬಜರ್‌ಗೆಂದು ಮಾರುವ ಹಿತ್ತಾಳೆ ಬಿಲ್ಲೆಯೂ ಅದೇ ವಸ್ತು. ಬೆಲೆ ಒಂದು ಚಹಾದಷ್ಟು. ಅದಕ್ಕೆ ವಯರು ಬೆಸುಗೆ ಹಾಕಿ ವೀಣೆಗೆ ಅಂಟಿಸಿ ಕಛೇರಿ ಮುಗಿಸಿದವರು ಊರೂರಲ್ಲೂ ಇದ್ದಾರೆ.

ಅಲ್ಲಿ ಕೇಳುವ ದನಿಯನ್ನು ಜನ ‘ಡಬ್ಬದ ಸೌಂಡು’ ಎನ್ನುತ್ತಾರೆ, ಬೈಗುಳ ಬಿಲ್ಲೆಗೆ ಬೀಳುತ್ತದೆ. ನಿಜವಾದ ಅಪರಾಧಿ ಹೆಚ್ಚಾಗಿ ಬಿಲ್ಲೆಯಲ್ಲ, ಅದನ್ನು ಚುಚ್ಚಿದ ತೂತು. ಪೀಜೊ ಬಿಲ್ಲೆಯಿಂದ ಬರುವ ವಿದ್ಯುತ್ತು ತೀರ ಬಡಕಲು. ಅದನ್ನು ಎಳೆಯದೆ, ಬರಿದೆ ನೋಡಿಕೊಳ್ಳುವ ಇನ್‌ಪುಟ್ ಬೇಕು. ಕನಿಷ್ಠ 10 ಲಕ್ಷ ಓಮ್, ಅಂದರೆ 1 ಮೆಗಾಓಮ್. ಮಿಕ್ಸರಿನ ಲೈನ್ ಇನ್‌ಪುಟ್ಟಿನಲ್ಲಿರುವುದು 10 ಸಾವಿರ ಓಮ್ ಸುಮಾರು, ಮೈಕಿನದ್ದರಲ್ಲಿ ಇನ್ನೂ ಕಡಿಮೆ. 20 ನ್ಯಾನೋಫ್ಯಾರಡ್‌ನ ಸಾಧಾರಣ ಬಿಲ್ಲೆಯನ್ನು 10 ಸಾವಿರ ಓಮ್‌ಗೆ ಸಿಕ್ಕಿಸಿದರೆ ಸುಮಾರು 800 ಹರ್ಟ್ಸ್‌ನಿಂದ ಕೆಳಗಿನದೆಲ್ಲ ಸೋರಿಹೋಗುತ್ತದೆ. ವೀಣೆಯ ಸಾರಣಿ ತಂತಿಯ ಷಡ್ಜ ಇರುವುದೇ 160 ಹರ್ಟ್ಸ್ ಆಸುಪಾಸಿನಲ್ಲಿ. ಹಾಗಾದರೆ ಉಳಿದದ್ದೇನು? ಮೀಟಿನ ಟಕ್ ಟಕ್, ಉಗುರಿನ ಸದ್ದು, ಮೇಲಿನ ಉಪಸ್ವರಗಳ ಚೂರು. ಅದೇ ಬಿಲ್ಲೆಗೂ ಮಿಕ್ಸರಿಗೂ ನಡುವೆ ಒಂದು ಪ್ರೀಆಂಪ್ ಇಟ್ಟು 1 ಮೆಗಾಓಮ್ ಕೊಟ್ಟರೆ ಸೋರಿಕೆ 8 ಹರ್ಟ್ಸ್‌ಗೆ ಇಳಿಯುತ್ತದೆ, ಅಂದರೆ ಸೋರಿಕೆಯೇ ಇಲ್ಲ. ಗಿಟಾರಿನವರು ಬಳಸುವ ಆಕ್ಟಿವ್ ಡಿಐ ಬಾಕ್ಸ್ ಈ ಕೆಲಸಕ್ಕೆ ಸಾಕು. ನಾನು ಕಂಡ ಹೆಚ್ಚಿನ ಮೈಕ್‌ಸೆಟ್ಟುಗಳಲ್ಲಿ ದೊಡ್ಡ ಬಾಸ್ ಬಾಕ್ಸ್ ಇರುತ್ತದೆ, ಬಣ್ಣದ ಲೈಟ್ ಇರುತ್ತದೆ, ಈ ಪುಟ್ಟ ಡಬ್ಬಿ ಇರುವುದಿಲ್ಲ.

ಬಿಲ್ಲೆ ಎಲ್ಲಿ ಅಂಟಬೇಕು ಎಂಬುದು ಬೆರಳಿನಿಂದ ಹುಡುಕಬೇಕಾದ ವಿಷಯ. ಕುದುರೆಯ ಕಾಲಿನ ಹತ್ತಿರ ಹಲಗೆಯ ಮೇಲೆ ಶುರು ಮಾಡಿ ಒಂದೊಂದು ಬೆರಳಗಲ ಸರಿಸುತ್ತ ಕೇಳಬೇಕು. ಅಂಟು ಗಟ್ಟಿಯಾಗಿರಬೇಕು, ತೆಳ್ಳಗಿರಬೇಕು. ದಪ್ಪ ಸ್ಪಂಜಿನ ಟೇಪು ಮೇಲಿನ ದನಿಗಳನ್ನು ನುಂಗುತ್ತದೆ. ಏಪ್ರಿಲ್ ತಿಂಗಳ ಬೆವರಿನಲ್ಲಿ ಎರಡು ಬದಿಯ ಟೇಪು ವರ್ಣದ ಹೊತ್ತಿಗೆ ಹಿಡಿದು ತನಿ ಆವರ್ತನದ ಹೊತ್ತಿಗೆ ಬಿಡುವುದು ಇಲ್ಲಿಯ ವಾದಕರಿಗೆಲ್ಲ ಗೊತ್ತು. ಮೇಣ ಬಳಸುವವರೂ ಇದ್ದಾರೆ. ಮೆಟ್ಟಿಲುಗಳನ್ನೇ ಮೇಣದ ಮೇಲೆ ಕೂರಿಸಿದ ವಾದ್ಯ ವೀಣೆ, ಸೆಖೆಗೆ ಅದರದೇ ಮೇಣ ಮೆತ್ತಗಾಗುವ ಊರಿದು.

ವೀಣೆಗೆ ಇಂಥ ಅಂಟುಮೈಕು ಬೇಕೇ ಬೇಡವೇ ಎಂಬ ಜಗಳ ಅರ್ಧ ಶತಮಾನಕ್ಕಿಂತ ಹಳೆಯದು, ಇನ್ನೂ ತೀರಿಲ್ಲ. ಬೇಡ ಎನ್ನುವವರ ವಾದ: ದನಿ ಲೋಹವಾಗುತ್ತದೆ, ವೀಣೆ ಗಿಟಾರಾಗುತ್ತದೆ. ಬೇಕು ಎನ್ನುವವರದು: ಇಲ್ಲದಿದ್ದರೆ ಗಮಕವೇ ಕೇಳುವುದಿಲ್ಲ. ಈ ಎರಡನೆಯ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಮೀಟಿದ ದನಿ ಕ್ಷಣಕ್ಷಣಕ್ಕೂ ಸೊರಗುತ್ತದೆ. ವರ್ಧನೆಯಿಲ್ಲದ ಕಾಲದಲ್ಲಿ ವಾದಕ ಸ್ವರ ಸಾಯುವ ಮೊದಲು ಮತ್ತೆ ಮೀಟಬೇಕಿತ್ತು. ಮೈಸೂರು ಬಾನಿಯ ಖಚಿತವಾದ ಮೀಟು, ತಾನದ ಸೊಬಗು ಆ ಅಗತ್ಯದ ಜೊತೆಗೇ ಬೆಳೆದವು. ದನಿ ದೊಡ್ಡದಾದಾಗ ಸಾಯುತ್ತಿರುವ ಎಳೆಯೂ ಕೇಳತೊಡಗಿತು. ಒಂದು ಮೀಟಿನಲ್ಲಿ ತಂತಿಯನ್ನು ಎಳೆದೆಳೆದು ನಾಲ್ಕೈದು ಸ್ವರ ಹಾಡಿಸಬಹುದಾಯಿತು. ವೀಣೆ ಬಾಯಿಹಾಡಿಕೆಯ ಕಡೆ ಸರಿಯಿತು. ಮೈಕು ದನಿಯನ್ನು ಮಾತ್ರ ಬದಲಿಸಲಿಲ್ಲ, ನುಡಿಸುವ ಕೈಯನ್ನೂ ಬದಲಿಸಿತು. ಅದು ಲಾಭವೋ ನಷ್ಟವೋ ಎಂದು ಕೇಳಿದರೆ, ನನಗೆ ಮೀಟು ಎಣಿಸಿ ನುಡಿಸುವ ಹಳೆಯ ವೀಣೆಯೇ ಹೆಚ್ಚು ಪ್ರಿಯ. ಆದರೆ ಹೊಸದನ್ನು ಕೃತಕ ಎಂದು ತಳ್ಳಲಾರೆ. ವರ್ಧನೆ ಬಂದಮೇಲೆ ಮನುಷ್ಯರ ಹಾಡುಗಾರಿಕೆಯೂ ಹೀಗೆಯೇ ಮೆತ್ತಗಾಗಿದೆ. ಅದನ್ನು ಯಾರೂ ಕೃತಕ ಎನ್ನುವುದಿಲ್ಲ.

ವೀಣೆಯ ಅತಿ ಕೆಳದನಿಯ ತಂತಿಯಾದ ಅನುಮಂದ್ರದ ವಿಷಯ ಮಾತ್ರ ಬೇರೆಯಾಗಿ ಹೇಳಬೇಕು. ಸಾರಣಿ 160 ಹರ್ಟ್ಸ್ ಆದರೆ ಅನುಮಂದ್ರ ಪಂಚಮ ಸುಮಾರು 60. ವೀಣೆಯ ಬುರುಡೆ ಅಷ್ಟು ಕೆಳದನಿಯನ್ನು ಗಾಳಿಗೆ ಕೊಡುವುದೇ ಕಡಿಮೆ, ನಾವು ಕೇಳುವುದು ಅದರ ಉಪಸ್ವರಗಳನ್ನು. ಅಂಟಿಸಿದ ಬಿಲ್ಲೆ ಆ ಮೂಲದನಿಯನ್ನೂ ಪೂರ್ತಿ ಹಿಡಿದು ಬಾಸ್ ಬಾಕ್ಸಿಗೆ ಒಪ್ಪಿಸುತ್ತದೆ. ಆಗ ಮಂದ್ರ ಸ್ಥಾಯಿಗೆ ಇಳಿದಾಗಲೆಲ್ಲ ಗುಡುಗಿದಂತೆ ಕೇಳುತ್ತದೆ. ಜೊತೆಗೆ ಜನರೇಟರಿನ 50 ಹರ್ಟ್ಸ್ ಗುಂಯ್‌ಗುಡುವಿಕೆಯೂ ಅದೇ ನೆರೆಯಲ್ಲಿದೆ. ಮಿಕ್ಸರಿನಲ್ಲಿ ‘ಲೋ ಕಟ್’ ಗುಂಡಿ ಒತ್ತಿ, ಬಾಸ್ ಬಾಕ್ಸನ್ನು ವೀಣೆಯ ಪಾಲಿಗೆ ಮುಚ್ಚಿಬಿಟ್ಟರೆ ಎರಡು ಕಾಟವೂ ತಪ್ಪುತ್ತದೆ.

ಚಿಕ್ಕ ಮೈಕಿನ ಕಥೆ 1962ರಿಂದ. ಆ ವರ್ಷ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಜೇಮ್ಸ್ ವೆಸ್ಟ್ ಮತ್ತು ಗೆರ್ಹಾರ್ಡ್ ಸೆಸ್ಲರ್, ವಿದ್ಯುತ್ತನ್ನು ತನ್ನೊಳಗೆ ಕಾಯಂ ಇಟ್ಟುಕೊಳ್ಳುವ ತೆಳುಹಾಳೆಯಿಂದ ಎಲೆಕ್ಟ್ರೆಟ್ ಮೈಕು ಮಾಡಿದರು. ಮೊಬೈಲ್ ಫೋನಿನಿಂದ ಹಿಡಿದು ಟಿವಿ ನಿರೂಪಕರ ಕಾಲರಿನವರೆಗೆ ಅದರ ಸಂತತಿ ಹಬ್ಬಿತು. ಬಾಗುವ ಕೊರಳಿನ ತುದಿಯಲ್ಲಿ ಅಂಥದೊಂದನ್ನು ಕೂರಿಸಿ, ವಾದ್ಯಕ್ಕೆ ಹಾನಿಯಾಗದಂತೆ ಕಚ್ಚುವ ಕ್ಲಿಪ್ ಕೊಟ್ಟದ್ದೇ ಇಂದಿನ ವಾದ್ಯಮೈಕು. ಡೆನ್ಮಾರ್ಕಿನ ಡಿಪಿಎ ಕಂಪನಿಯ 4099 ಈಗ ದೊಡ್ಡ ವೇದಿಕೆಗಳಲ್ಲಿ ಪಿಟೀಲಿನ ಮೇಲೆ ಕಾಣಸಿಗುತ್ತದೆ. ಬೆಲೆ ಸುಮಾರು ಅರ್ಧ ಲಕ್ಷ ರೂಪಾಯಿ. ಎರಡು ಮೂರು ಸಾವಿರದಲ್ಲಿ ಸಿಗುವ ಅದರ ಬಡ ಬಂಧುಗಳೂ ಇವೆ. ಎಚ್ಚರಿಕೆಯಿಂದ ಇಟ್ಟರೆ ಅವುಗಳಲ್ಲಿ ಕೆಲವು ಊರ ಕಛೇರಿಗೆ ತಕ್ಕಮಟ್ಟಿಗೆ ಸಾಕು. ಇವಕ್ಕೆ ಮಿಕ್ಸರಿನಿಂದ ವಿದ್ಯುತ್ತು ಹೋಗಬೇಕು, 48 ವೋಲ್ಟಿನ ಫ್ಯಾಂಟಮ್. ಹಳೆಯ ಆಂಪ್ಲಿಫೈಯರುಗಳಲ್ಲಿ ಆ ಸೌಲಭ್ಯವಿಲ್ಲ. ಕಲಾವಿದರು ಬೆಲೆಬಾಳುವ ಮೈಕು ಹೊತ್ತು ತಂದು, ಸಿಕ್ಕಿಸಿ, ಸದ್ದೇ ಬಾರದೆ ಪೆಚ್ಚಾಗುವುದಕ್ಕೆ ಇದೇ ಕಾರಣ.

ಪಿಟೀಲಿಗೆ ಈ ಕ್ಲಿಪ್ ಮೈಕು ಒಪ್ಪುವಷ್ಟು ಬೇರೆ ಯಾವುದೂ ಒಪ್ಪುವುದಿಲ್ಲ ಎಂಬುದು ನಾನು ಕೇಳಿದಷ್ಟರಲ್ಲಿ ಕಂಡದ್ದು. ಕಮಾನು ತಂತಿಯನ್ನು ಬಿಡದೆ ನೂಕುತ್ತಲೇ ಇರುವುದರಿಂದ ಪಿಟೀಲಿನ ದನಿ ವೀಣೆಯದಕ್ಕಿಂತ ಗಟ್ಟಿ. ಮೈಕಿಗೆ ಆಹಾರ ಸಾಕಷ್ಟು ಸಿಗುತ್ತದೆ. ಕುದುರೆಗೆ ಸಿಕ್ಕಿಸುವ ಪಿಕಪ್ಪು ತಂತಿಯ ಕರ್ಕಶವನ್ನೆಲ್ಲ ಹಿಡಿಯುತ್ತದೆ, ಪೆಟ್ಟಿಗೆಯೊಳಗಿನ ಗಾಳಿಯ ದನಿಯನ್ನು ಬಿಟ್ಟುಬಿಡುತ್ತದೆ. ಪಿಟೀಲಿನ ಸಿಹಿ ಇರುವುದು ಅಲ್ಲೇ. ನಮ್ಮ ಪಿಟೀಲಿಗೆ ಇನ್ನೊಂದು ತೊಡಕಿದೆ. ಒಂದೂವರೆ ಮನೆ ಶ್ರುತಿಯ ಗಾಯಕನಿಗೆ ನುಡಿಸುವಾಗ ಕೆಳಗಿನ ತಂತಿ 140 ಹರ್ಟ್ಸ್ ಸುತ್ತ ಇರುತ್ತದೆ. ಪಾಶ್ಚಾತ್ಯ ಕ್ರಮದಲ್ಲಿ ಅದೇ ತಂತಿ 196. ಅವರ ಅಳತೆಗೆ ಮಾಡಿದ ಪಿಕಪ್ಪುಗಳು ಸಡಿಲವಾದ ನಮ್ಮ ತಂತಿಗೆ ತಕ್ಕಂತೆ ವರ್ತಿಸುವುದಿಲ್ಲ. ಕೂತು, ಪಿಟೀಲಿನ ತಲೆಯನ್ನು ಪಾದದ ಮೇಲಿಟ್ಟು ನುಡಿಸುವ ನಮ್ಮ ಭಂಗಿಯಲ್ಲಿ ಕ್ಲಿಪ್ಪನ್ನು ಶಾಲಿಗೂ ಮೊಣಕೈಗೂ ತಾಗದ ಕಡೆ ಹಾಕಬೇಕು. ಮೈಕಿನ ಮೂತಿ ಕುದುರೆಗೂ ಪಿಟೀಲಿನ ತೂತಿಗೂ ನಡುವೆ ನೋಡುತ್ತ, ನಾಲ್ಕೈದು ಸೆಂಟಿಮೀಟರ್ ಮೇಲಿದ್ದರೆ ಸರಿ. ಸಂಜೆ ಕಡಲಗಾಳಿ ಬೀಸುವ ವೇದಿಕೆಯಾದರೆ ಸ್ಪಂಜಿನ ಟೊಪ್ಪಿಯನ್ನು ಮರೆಯಬಾರದು.

ಆದರೆ ಇದೆಲ್ಲ ಪಕ್ಕದಲ್ಲಿ ಗಾಯಕ, ಮೃದಂಗ, ಘಟ ಇರುವ ಕಛೇರಿಯ ಮಾತು. ಕದ್ರಿ ಗೋಪಾಲನಾಥರ (1949–2019) ಸ್ಯಾಕ್ಸೊಫೋನಿನ ಪಕ್ಕ ಎ. ಕನ್ಯಾಕುಮಾರಿಯವರ ಪಿಟೀಲು ಸಮಸಮ ನಿಂತದ್ದನ್ನು ಕರಾವಳಿಯ ಜನ ಕೇಳಿದ್ದಾರೆ. ವರ್ಧನೆಯಿಲ್ಲದೆ ಆ ಜೋಡಿಯೇ ಸಾಧ್ಯವಿರಲಿಲ್ಲ; ಬರಿಯ ಪಿಟೀಲು ಸ್ಯಾಕ್ಸೊಫೋನಿನ ಒಂದು ಊದಿಗೆ ಮುಳುಗಿಹೋಗುತ್ತದೆ. ಇನ್ನು ಗಾನವೈಭವದಲ್ಲಿ ಚೆಂಡೆಯ ಪಕ್ಕ ಕೂತ ಪಿಟೀಲಿಗೆ ಕ್ಲಿಪ್ ಮೈಕು ಕೊಟ್ಟರೆ, ಕಾರಂತರ ಕಾಲದ ತೊಂದರೆಯೇ ಚಿಕ್ಕ ಗಾತ್ರದಲ್ಲಿ ಮರಳುತ್ತದೆ. ಅಲ್ಲಿ ನಾನು ಕಣ್ಣುಮುಚ್ಚಿ ಪೀಜೊ ಪಿಕಪ್ಪಿಗೇ ಮತ ಹಾಕುತ್ತೇನೆ. ಅದು ಗಾಳಿಯನ್ನು ಕೇಳುವುದಿಲ್ಲ, ಹಾಗಾಗಿ ಚೆಂಡೆಯನ್ನೂ ಅಷ್ಟಾಗಿ ಕೇಳುವುದಿಲ್ಲ. ಚೆಂಡೆಯ ಅಬ್ಬರದಲ್ಲಿ ಪಿಟೀಲಿನ ಸಿಹಿ ಹೇಗೂ ಉಳಿಯದು, ಸ್ವರವಾದರೂ ಉಳಿಯಲಿ.

ಅಯಸ್ಕಾಂತದ ಪಿಕಪ್ಪಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. 1930ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಗಿಟಾರಿಗೆಂದು ಬಂದ ಅದು ಉಕ್ಕಿನ ತಂತಿಯ ಅಲುಗಾಟವನ್ನಷ್ಟೇ ಹಿಡಿಯುತ್ತದೆ, ಮರದ ಪರಿಚಯವೇ ಅದಕ್ಕಿಲ್ಲ. ಆದ್ದರಿಂದ ಅದನ್ನು ನೆಚ್ಚಿದ ವಾದ್ಯಕ್ಕೆ ಬುರುಡೆಯೂ ಬೇಕಿಲ್ಲ. ಯು. ಶ್ರೀನಿವಾಸ್ (1969–2014) ಗಟ್ಟಿಮರದ ಐದು ತಂತಿಯ ಎಲೆಕ್ಟ್ರಿಕ್ ಮ್ಯಾಂಡೊಲಿನ್‌ನಲ್ಲಿ ಕರ್ನಾಟಕ ಸಂಗೀತದ ಗಮಕವನ್ನು ಸಾಧಿಸಿ ತೋರಿಸಿದಾಗ ವಾದ್ಯ ಯಾವುದು ಎಂಬ ತಕರಾರು ತಣ್ಣಗಾಯಿತು. ತಂಬೂರಿಯ ಪ್ರಶ್ನೆ ಇನ್ನೂ ಸಲೀಸಾಗಿ ಮುಗಿಯಿತು: ಬೆಂಗಳೂರಿನ ರಾಜನಾರಾಯಣ್ ಅವರ ರಾಡೆಲ್ ಕಂಪನಿ ಎಲೆಕ್ಟ್ರಾನಿಕ್ ತಂಬೂರಿ ತಂದಮೇಲೆ ನಿಜವಾದ ತಂಬೂರಿ ಅನೇಕ ವೇದಿಕೆಗಳಿಂದ ಇಳಿಯಿತು. ಅದಕ್ಕೆ ಮೈಕು ಎಲ್ಲಿಡಬೇಕು ಎಂದು ಈಗ ಯಾರೂ ಕೇಳುವುದಿಲ್ಲ. ನಮ್ಮ ಚರ್ಚುಗಳ ಕಾಯರ್‌ಗಳಲ್ಲಿ, ಸುಗಮ ಸಂಗೀತದ ತಂಡಗಳಲ್ಲಿ ಕಾಣುವ ಗಿಟಾರುಗಳಿಗೆ ಪಿಕಪ್ಪು, ಪ್ರೀಆಂಪ್, ಬ್ಯಾಟರಿ ಎಲ್ಲ ಕಾರ್ಖಾನೆಯಲ್ಲೇ ಕೂಡಿಬರುತ್ತವೆ. ವಯರು ಸಿಕ್ಕಿಸಿದರೆ ಮುಗಿಯಿತು. ಆ ಸೌಕರ್ಯವೇ ಸೌಂಡಿನವರ ಮನಸ್ಸಿನಲ್ಲಿ ‘ತಂತಿವಾದ್ಯ ಅಂದರೆ ವಯರು ಸಿಕ್ಕಿಸುವುದು’ ಎಂಬ ನಂಬಿಕೆ ಬೇರೂರಿಸಿದೆ. ವೀಣೆ ಬಂದಾಗ ಪೆಟ್ಟು ತಿನ್ನುವುದು ಆ ನಂಬಿಕೆಯಿಂದ.

ವೀಣೆಗೆ ನನ್ನ ಆಯ್ಕೆ ಎರಡರ ಬೆರಕೆ. ಹಲಗೆಗೆ ಒಂದು ಬಿಲ್ಲೆ, ಕುದುರೆಯ ಮೇಲೆ ನಾಲ್ಕು ಬೆರಳಿನ ಅಂತರದಲ್ಲಿ ಒಂದು ಚಿಕ್ಕ ಮೈಕು. ಕೆಳದನಿಗಳು ಬಿಲ್ಲೆಯಿಂದ ಬರಲಿ, ಏಕೆಂದರೆ ತೆರೆದ ಮೈಕು ಊಳಿಡುವುದು ಹೆಚ್ಚಾಗಿ ಅಲ್ಲಿ. ಸುಮಾರು 300 ಹರ್ಟ್ಸ್‌ನಿಂದ ಮೇಲಿನ ಝೇಂಕಾರ ಮೈಕಿನಿಂದ ಬರಲಿ. ಎರಡನ್ನೂ ಕೂಡಿಸಿದಾಗ ದನಿ ತೆಳ್ಳಗಾದರೆ ಒಂದರ ಚಾನೆಲ್ಲಿನಲ್ಲಿ ಫೇಸ್ ಗುಂಡಿ ಒತ್ತಿ ನೋಡಬೇಕು. ಗಾಳಿಯಲ್ಲಿ ಬರುವ ದನಿ ಮರದಲ್ಲಿ ಬರುವ ದನಿಗಿಂತ ಒಂದಿಷ್ಟು ತಡವಾಗಿ ಮುಟ್ಟುವುದರಿಂದ ಒಂದನ್ನೊಂದು ಅಳಿಸುವುದುಂಟು. ವಾದಕರ ಮುಂದಿನ ಮಾನಿಟರಿನಲ್ಲಿ ಬಿಲ್ಲೆಯ ದನಿ ಮಾತ್ರ ಇರಲಿ. ಅದನ್ನೂ ಬುರುಡೆಯ ಎದುರಿಗೆ ತಿರುಗಿಸಬಾರದು.

ಜಾಗದ ಮಾತು ಉಳಿದಿದೆ. ಬೈಂದೂರು ತಾಲ್ಲೂಕಿನ ಕೊಲ್ಲೂರು ಮೂಕಾಂಬಿಕೆಯ ಸನ್ನಿಧಿಯ ಸರಸ್ವತಿ ಮಂಟಪದಲ್ಲಿ ದೇಶದ ಎಲ್ಲೆಲ್ಲಿಂದಲೋ ಬಂದವರು ಹಾಡುತ್ತಾರೆ, ನುಡಿಸುತ್ತಾರೆ, ಮೊದಲ ಗೆಜ್ಜೆ ಕಟ್ಟುತ್ತಾರೆ. ಯೇಸುದಾಸ್ ಜನವರಿ 10ರ ತಮ್ಮ ಹುಟ್ಟುಹಬ್ಬಕ್ಕೆ ವರ್ಷಗಟ್ಟಲೆ ಅಲ್ಲಿಗೆ ಬಂದು ಹಾಡಿದ್ದಾರೆ. ಕಲ್ಲಿನ ನೆಲ, ಕಂಬ, ಗಂಟೆ, ಬಂದುಹೋಗುವ ಭಕ್ತರು. ಸದ್ದು ಎಲ್ಲ ಕಡೆಯಿಂದ ಮರಳಿ ಬರುವ ತಾಣ ಅದು. ಅಂಥಲ್ಲಿ ದನಿ ಏರಿಸಿದಷ್ಟೂ ಕಲಸುತ್ತದೆ. ಇತ್ತ ಕುಂಭಾಶಿ, ಕೋಟ, ಸಾಲಿಗ್ರಾಮದ ಕಡೆ ರಾಷ್ಟ್ರೀಯ ಹೆದ್ದಾರಿ 66 ಪಕ್ಕದಲ್ಲೇ ಓಡುತ್ತದೆ. ಅಲ್ಲಿಯ ಬಯಲು ವೇದಿಕೆಗಳಲ್ಲಿ ಗೋಡೆಯ ಪ್ರತಿಧ್ವನಿ ಇಲ್ಲ, ಬಸ್ಸಿನ ಹಾರ್ನ್ ಇದೆ. ಎರಡೂ ಬಗೆಯ ಜಾಗದಲ್ಲಿ ದೊಡ್ಡ ಸ್ಪೀಕರುಗಳನ್ನು ಒಂದೇ ಕಡೆ ಪೇರಿಸುವುದಕ್ಕಿಂತ ಚಿಕ್ಕ ಸ್ಪೀಕರುಗಳನ್ನು ಜನರ ಹತ್ತಿರ ಹಂಚುವುದು ಮೇಲು. ಕಹಳೆಯಾಕಾರದ ಹಾರ್ನ್ ಸ್ಪೀಕರು ಜಾತ್ರೆಯ ಘೋಷಣೆಗೆ ಸರಿ, ವೀಣೆಗೆ ಅದು ಶಿಕ್ಷೆ.

ಕಾನೂನೂ ಇದೇ ದಿಕ್ಕಿಗೆ ತಳ್ಳುತ್ತಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಸಾಮಾನ್ಯವಾಗಿ ಧ್ವನಿವರ್ಧಕ ಬಳಸುವಂತಿಲ್ಲ. ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ಬೆಳಗಿನವರೆಗೆ ನಡೆಯುತ್ತಿದ್ದ ಆಟಗಳು ಕಾಲಮಿತಿಗೆ ಇಳಿಯಲು ಇದೂ ಒಂದು ಕಾರಣ. ಬಯಲಾಟದವರಿಗೆ ಇದು ಸಂಕಟ ತಂದಿರಬಹುದು, ವೀಣೆಯವರಿಗೆ ಇದರಿಂದ ನಷ್ಟವಿಲ್ಲ. ಕಡಿಮೆ ದನಿಯಲ್ಲಿ ಚೆನ್ನಾಗಿ ಕೇಳಿಸುವುದೇ ತಂತಿವಾದ್ಯದ ವರ್ಧನೆಯ ಗುರಿ. ಮೃದಂಗಕ್ಕೆ ಚಿಕ್ಕ ಸಭೆಯಲ್ಲಿ ಮೈಕು ಬೇಕಿಲ್ಲ. ಸೌಂಡಿನವರು ಮೊದಲು ವೀಣೆಯ ದನಿಯನ್ನು ಊಳಿಡದ ಮಿತಿಯಲ್ಲಿ ನಿಲ್ಲಿಸಿ, ಉಳಿದವರನ್ನು ಅದಕ್ಕೆ ಹೊಂದಿಸಬೇಕು. ಈಗ ನಡೆಯುತ್ತಿರುವುದು ತಿರುಗುಮುರುಗು: ಮೃದಂಗ, ಘಟ, ಗಾಯನ ಎಲ್ಲ ಏರಿದ ಮೇಲೆ ಉಳಿದ ಜಾಗದಲ್ಲಿ ವೀಣೆಯನ್ನು ತುರುಕುವುದು.

ಹಣದ ಲೆಕ್ಕ ಹಾಕಿದರೂ ದೊಡ್ಡದೇನಿಲ್ಲ. ಒಂದು ಆಕ್ಟಿವ್ ಡಿಐ ಬಾಕ್ಸ್, ಒಂದು ತಕ್ಕಮಟ್ಟಿನ ಕ್ಲಿಪ್ ಮೈಕು, ಫ್ಯಾಂಟಮ್ ಕೊಡುವ ಚಿಕ್ಕ ಮಿಕ್ಸರು, ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಗಟ್ಟಿ ಡಬ್ಬಿ: ಒಂದು ಉತ್ಸವದ ಬಣ್ಣದ ಲೈಟಿನ ಬಾಡಿಗೆಗಿಂತ ಇದು ತೀರ ಹೆಚ್ಚಾಗಲಾರದು, ಬಾಳಿಕೆ ಹತ್ತಾರು ಉತ್ಸವ. ಆಡಳಿತ ಮಂಡಳಿಯವರಲ್ಲಿ, ಸಂಗೀತ ಸಭೆಗಳವರಲ್ಲಿ ಕೇಳಿಕೊಳ್ಳುವುದಿಷ್ಟೆ. ಮುಂದಿನ ಸಲ ವೀಣೆಯವರನ್ನೋ ಪಿಟೀಲಿನವರನ್ನೋ ಕರೆಸುವಾಗ ಅವರ ಫೋನ್ ನಂಬರನ್ನು ಮೈಕ್‌ಸೆಟ್ಟಿನವರಿಗೂ ಕೊಡಿ; ಏನು ತರುತ್ತೀರಿ, ಏನು ಬೇಕು ಎಂದು ಅವರೇ ಮಾತಾಡಿಕೊಳ್ಳಲಿ. ಜನ ಬರುವ ಮೊದಲು ವೇದಿಕೆಯನ್ನು ಅರ್ಧ ಗಂಟೆ ಆ ಇಬ್ಬರಿಗೆ ಬಿಟ್ಟುಕೊಡಿ. ಆ ಅರ್ಧ ಗಂಟೆಯಲ್ಲಿ ಸ್ವಾಗತ ಭಾಷಣದ ಮೈಕು ಟೆಸ್ಟಿಂಗ್ ಬೇಡ.